ನೆಲ ನಡುಗುವ ಮುನ್ನ

1993ನೆಯ ಇಸವಿ ಸೆಪ್ಟೆಂಬರ್ ತಿಂಗಳ 29ರ ರಾತ್ರಿ. ಮಹಾರಾಷ್ಟ್ರದ ಲಾತೂರು ಜಿಲ್ಲೆಯ ಕಿಲ್ಲಾರಿ ಎಂಬ ಊರಿನಲ್ಲಿಯೂ ಅದರ ಸುತ್ತಲಿನ ಹಳ್ಳಿಗಳಲ್ಲಿಯೂ ಗಣೇಶನ ವಿಸರ್ಜನೆಯ ಸಂಭ್ರಮ. ಜನರು ತಡವಾಗಿ ಮನೆ ಸೇರಿ ದಣಿದು ನಿದ್ರೆಹೋಗಿದ್ದರು. ಬೆಳಗಿನ ಜಾವ 3 ಗಂಟೆ 56 ನಿಮಿಷದ ಸುಮಾರಿಗೆ ನೆಲವು ಗುಡುಗಿದಂತೆ ಸದ್ದುಮಾಡಿ ನಡುಗಿತು. ಆ ನಡುಕ ಒಂದು ನಿಮಿಷವೂ ಇರಲಿಲ್ಲ. ಆದರೆ ಅಷ್ಟರಲ್ಲಿಯೇ ತಲೆಮಾರುಗಳಿಂದ ಬಿಸಿಲು, ಮಳೆ, ಕಳ್ಳಕಾಕರಿಂದ ಕಾಪಾಡುತ್ತ ಬಂದಿದ್ದ ದಪ್ಪ ಕಲ್ಲುಗೋಡೆಯ ಮನೆಗಳು ತಮ್ಮೊಳಗೆ ಮಲಗಿದ್ದವರ ಮೇಲೆಯೇ ಕುಸಿದುಬಿದ್ದವು. ಬೆಳಗಾದಾಗ ಅಲ್ಲಿ ಬೀದಿ ಯಾವುದು, ಮನೆ ಯಾವುದು ಎಂದು ಗುರುತಿಸುವಂತಿರಲಿಲ್ಲ. ಲಾತೂರು ಜಿಲ್ಲೆ ಮತ್ತು ಇಂದು ಧಾರಾಶಿವವೆಂದು ಕರೆಯಲ್ಪಡುವ ಅಂದಿನ ಉಸ್ಮಾನಾಬಾದ್ ಜಿಲ್ಲೆಗಳ ಐವತ್ತಕ್ಕೂ ಹೆಚ್ಚು ಹಳ್ಳಿಗಳು ನೆಲಸಮವಾದವು. ಸುಮಾರು ಹತ್ತು ಸಾವಿರ ಜನ ಪ್ರಾಣ ಕಳೆದುಕೊಂಡರು. ನೆರೆಯ ಬೀದರ್ ಮತ್ತು ಕಲಬುರಗಿ ಜಿಲ್ಲೆಗಳ ಜನರೂ ಆ ರಾತ್ರಿ ನೆಲದ ನಡುಕಕ್ಕೆ ಬೆಚ್ಚಿ ಎದ್ದು ಹೊರಗೆ ಬಂದಿದ್ದರು.

ಇಂತಹ ದುರಂತವನ್ನು ಕೇಳಿದಾಗ ‘ವಿಧಿಯಾಟಕ್ಕೆ ಯಾರು ಏನು ಮಾಡಿಯಾರು?’ ಎಂಬ ಮಾತು ಯಾರ ಬಾಯಿಂದಲಾದರೂ ಬರುವುದು ಸಹಜ. ಆದರೆ ಇದಕ್ಕೆ ನಾಲ್ಕು ವರ್ಷಗಳ ಹಿಂದೆ ನಡೆದ ಇನ್ನೊಂದು ಭೂಕಂಪವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. 1989ರ ಅಕ್ಟೋಬರ್ 17ರಂದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಸ್ಯಾನ್‌ಫ್ರಾನ್ಸಿಸ್ಕೊ ಮಹಾನಗರಕ್ಕೆ ಸಮೀಪದಲ್ಲಿ ಭೂಮಿ ಕಂಪಿಸಿತು. ಅದರ ಪ್ರಮಾಣ 6.9. ಕಿಲ್ಲಾರಿಯ ಭೂಕಂಪದ ಪ್ರಮಾಣ ಸುಮಾರು 6.2. ಶಕ್ತಿಯ ಲೆಕ್ಕದಲ್ಲಿ ಮೊದಲನೆಯದು ಎರಡನೆಯದಕ್ಕಿಂತ ಹತ್ತು ಪಟ್ಟಿಗೂ ಮಿಗಿಲಾದುದು. ಲಕ್ಷಾಂತರ ಜನರಿರುವ ನಗರಗಳ ನಡುವೆ ಸಂಭವಿಸಿದ ಆ ದೊಡ್ಡ ಕಂಪನದಲ್ಲಿ ಸತ್ತವರು 63 ಮಂದಿ. ಹಳ್ಳಿಗಾಡಿನ ನಡುವೆ ಸಂಭವಿಸಿದ ಈ ಚಿಕ್ಕ ಕಂಪನದಲ್ಲಿ ಸತ್ತವರು ಸುಮಾರು ಹತ್ತು ಸಾವಿರ. ಕಂಪನ ನಡೆದ ಹೊತ್ತು, ಸ್ಥಳ, ಆಳಗಳ ಭೇದವೂ ಇದಕ್ಕೆ ಸ್ವಲ್ಪಮಟ್ಟಿಗೆ ಕಾರಣವೆಂಬುದು ನಿಜ. ಆದರೆ ಮುಖ್ಯವಾದ ಕಾರಣ ಬೇರೆಯೇ ಇದೆ. ಭೂಕಂಪವು ಮನುಷ್ಯನನ್ನು ನೇರವಾಗಿ ಕೊಲ್ಲುವುದು ತೀರ ಅಪರೂಪ. ಕೊಲ್ಲುವುದು ಮನುಷ್ಯನೇ ಕಟ್ಟಿದ ಗೋಡೆ, ಮನುಷ್ಯನೇ ಹೇರಿದ ಮಾಳಿಗೆ. ಹಾಗಿರುವುದರಿಂದಲೇ ಇದಕ್ಕೆ ಪರಿಹಾರವೂ ಬಹುಮಟ್ಟಿಗೆ ಮನುಷ್ಯನ ಕೈಯಲ್ಲಿದೆ.

ಭೂಮಿಯು ಏಕೆ ನಡುಗುತ್ತದೆ ಎಂಬ ಪ್ರಶ್ನೆ ಬಹು ಹಳೆಯದು. ಭೂಮಿಯನ್ನು ಹೊತ್ತಿರುವ ಆದಿಶೇಷನು ಹೆಡೆ ಬದಲಿಸಿದಾಗ ನೆಲ ನಡುಗುತ್ತದೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ನೆಲದಡಿಯಲ್ಲಿರುವ ಮಹಾಮತ್ಸ್ಯವೊಂದು ಹೊರಳಿದಾಗ ಹಾಗಾಗುತ್ತದೆಂದು ಜಪಾನಿನ ಜನ ನಂಬಿದ್ದರು. ಈ ಕಲ್ಪನೆಗಳ ಹಿಂದೆ ಒಂದು ಸತ್ಯ ಅಡಗಿದೆ: ನಾವು ಸ್ಥಿರವೆಂದು ತಿಳಿದಿರುವ ನೆಲದ ಕೆಳಗೆ ಚಲನೆಯಿದೆ. ಭೂಮಿಯ ಹೊರಭಾಗವು ಒಂದೇ ಅಖಂಡವಾದ ಚಿಪ್ಪಲ್ಲ. ಅದು ಹಲವು ಬೃಹತ್ ಶಿಲಾಫಲಕಗಳಾಗಿ ಒಡೆದಿದೆ. ಈ ಫಲಕಗಳು ಬಹು ನಿಧಾನವಾಗಿ ಸರಿಯುತ್ತಿರುತ್ತವೆ. ಭಾರತವನ್ನು ಹೊತ್ತ ಫಲಕವು ವರ್ಷಕ್ಕೆ ಸುಮಾರು 5 ಸೆಂಟಿಮೀಟರಿನಂತೆ ಉತ್ತರಕ್ಕೆ ಸರಿದು ಏಷ್ಯಾದ ಫಲಕವನ್ನು ಒತ್ತುತ್ತಿದೆ. ಆ ಒತ್ತಡದಿಂದಲೇ ಹಿಮಾಲಯ ಪರ್ವತಶ್ರೇಣಿ ಮೇಲೆದ್ದಿತು. ಒತ್ತಡಕ್ಕೆ ಸಿಕ್ಕಿದ ಬಂಡೆಯು ಮೊದಲು ತಡೆದುಕೊಳ್ಳುತ್ತದೆ, ತುಸು ಬಾಗುತ್ತದೆ. ಸಹಿಸಲಾರದ ಗಳಿಗೆ ಬಂದಾಗ ಹಳೆಯ ಬಿರುಕೊಂದರ ಗುಂಟ ತಟಕ್ಕನೆ ಜಾರುತ್ತದೆ. ಬಾಗಿಸಿದ ಒಣಕಡ್ಡಿ ಲಟಕ್ಕನೆ ಮುರಿದಾಗ ಹಿಡಿದ ಕೈ ಜುಮ್ಮೆನ್ನುವಂತೆ, ಬಂಡೆ ಜಾರಿದಾಗ ಕೂಡಿಟ್ಟ ಶಕ್ತಿಯು ಅಲೆಗಳಾಗಿ ನಾಲ್ದೆಸೆಗೂ ಹರಿಯುತ್ತದೆ. ಆ ಅಲೆಗಳೇ ಭೂಕಂಪ.

ಬಂಡೆ ಜಾರಲು ಆರಂಭಿಸುವ ಒಳಗಿನ ಸ್ಥಳವನ್ನು ಭೂಕಂಪನಾಭಿಯೆಂದೂ ಅದಕ್ಕೆ ನೇರವಾಗಿ ಮೇಲಿರುವ ನೆಲದ ಸ್ಥಳವನ್ನು ಅಧಿಕೇಂದ್ರವೆಂದೂ ಕರೆಯುತ್ತಾರೆ. ನಾಭಿಯಿಂದ ಹೊರಡುವ ಅಲೆಗಳಲ್ಲಿ ಎರಡು ಬಗೆ ಮುಖ್ಯವಾದುವು. ಪ್ರಾಥಮಿಕ ತರಂಗಗಳು ಸೆಕೆಂಡಿಗೆ ಸುಮಾರು 6 ಕಿಲೋಮೀಟರು ವೇಗದಲ್ಲಿ ಮುಂದೆ ಬರುತ್ತವೆ. ಇವು ಹೆಚ್ಚಿನ ಹಾನಿಮಾಡವು. ಇವುಗಳ ಹಿಂದೆ ಸೆಕೆಂಡಿಗೆ ಸುಮಾರು ಮೂರೂವರೆ ಕಿಲೋಮೀಟರು ವೇಗದಲ್ಲಿ ಬರುವ ದ್ವಿತೀಯಕ ತರಂಗಗಳು ನೆಲವನ್ನು ಅಡ್ಡಡ್ಡವಾಗಿ ತೂಗಿ ಗೋಡೆಗಳನ್ನು ಅಲುಗಿಸುತ್ತವೆ. ನಾಭಿಯಿಂದ 100 ಕಿಲೋಮೀಟರು ದೂರದ ಊರಿನಲ್ಲಿ ಇವೆರಡರ ನಡುವೆ ಸುಮಾರು 12 ಸೆಕೆಂಡುಗಳ ಅಂತರವಿರುತ್ತದೆ. ಮೊದಲು ಕಿಟಕಿ, ಪಾತ್ರೆಗಳು ಸಣ್ಣಗೆ ಗಡಗಡಿಸಿ, ಅನಂತರ ದೊಡ್ಡ ಓಲಾಟ ಬರುವುದು ಇದೇ ಕಾರಣದಿಂದ. ಮೊದಲ ಗಡಗಡಿಕೆಯನ್ನು ಗುರುತಿಸಿದವನಿಗೆ ಕೆಲವು ಅಮೂಲ್ಯ ಕ್ಷಣಗಳು ದೊರೆಯುತ್ತವೆ.

ಭೂಕಂಪದ ಪ್ರಮಾಣವನ್ನು ಅಳೆಯುವ ಮಾನವನ್ನು 1935ರಲ್ಲಿ ಚಾರ್ಲ್ಸ್ ರಿಕ್ಟರ್ ಎಂಬ ಅಮೆರಿಕದ ವಿಜ್ಞಾನಿ ರೂಪಿಸಿದನು. ಇಂದು ವಿಜ್ಞಾನಿಗಳು ಅದಕ್ಕಿಂತ ಸುಧಾರಿಸಿದ ಮಾನವನ್ನು ಬಳಸುತ್ತಾರಾದರೂ ಅಂಕಿಗಳ ಅರ್ಥ ಬಹುಮಟ್ಟಿಗೆ ಅದೇ. ಈ ಮಾನದಲ್ಲಿ ಒಂದು ಅಂಕ ಹೆಚ್ಚಿದರೆ ಹೊರಬೀಳುವ ಶಕ್ತಿ ಸುಮಾರು 32 ಪಟ್ಟು ಹೆಚ್ಚುತ್ತದೆ. ಆದುದರಿಂದ ಐದಕ್ಕೂ ಆರಕ್ಕೂ ಇರುವ ಭೇದವನ್ನು ಒಂದೇ ಅಂಕವೆಂದು ಅಲ್ಪವಾಗಿ ಎಣಿಸಬಾರದು.

ಹಿಮಾಲಯದ ತಪ್ಪಲಿನಲ್ಲಿ ಮಾತ್ರ ಭೂಕಂಪದ ಭಯ, ದಕ್ಷಿಣದ ಪ್ರಸ್ಥಭೂಮಿ ಪುರಾತನವಾದ ಗಟ್ಟಿನೆಲ, ಅದು ಅಲುಗದು ಎಂಬ ಭಾವನೆ ಬಹುಕಾಲ ಬಲವಾಗಿತ್ತು. 1967ರ ಡಿಸೆಂಬರ್ 11ರಂದು ಸಹ್ಯಾದ್ರಿಯ ಕೊಯ್ನಾ ಅಣೆಕಟ್ಟಿನ ಬಳಿ ಸಂಭವಿಸಿದ ಭೂಕಂಪವು ಆ ಭಾವನೆಗೆ ಮೊದಲ ಪೆಟ್ಟು ಕೊಟ್ಟಿತು. ಕಿಲ್ಲಾರಿಯಂತೂ ಅಂದಿನ ಭೂಕಂಪ ನಕ್ಷೆಯಲ್ಲಿ ಎಲ್ಲಕ್ಕಿಂತ ಕಡಿಮೆ ಅಪಾಯವೆಂದು ಗುರುತಿಸಿದ್ದ ವಲಯದಲ್ಲಿಯೇ ಇತ್ತು. ಆ ಅನುಭವದಿಂದ ಪಾಠ ಕಲಿತು 2002ರಲ್ಲಿ ನಕ್ಷೆಯನ್ನು ತಿದ್ದಲಾಯಿತು. ಕರ್ನಾಟಕದಲ್ಲಿಯೂ ನೆಲ ಆಗಾಗ ಅದುರುವುದುಂಟು. 2021ರ ಅಕ್ಟೋಬರಿನಲ್ಲಿ ಕಲಬುರಗಿ ಜಿಲ್ಲೆಯ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದ ಸುತ್ತಮುತ್ತ ಮತ್ತೆ ಮತ್ತೆ ಲಘುಕಂಪನಗಳಾದವು. ಅವುಗಳಲ್ಲಿ ಒಂದರ ಪ್ರಮಾಣ 4.1. ಅಲ್ಲಿಯ ಜನ ಮನೆಯೊಳಗೆ ಮಲಗಲು ಅಂಜಿ ಬಯಲಿನಲ್ಲಿ ರಾತ್ರಿಗಳನ್ನು ಕಳೆದರು. ‘ನಮ್ಮ ಕಡೆ ಅಂಥದೇನೂ ಆಗದು’ ಎಂದು ಯಾವ ಊರಿನವರೂ ನಿಶ್ಚಿಂತರಾಗಿರುವಂತಿಲ್ಲ.

ಹಾಗಾದರೆ ಭೂಕಂಪವನ್ನು ಮೊದಲೇ ತಿಳಿಯಬಹುದೆ? ಚೀನದಲ್ಲಿ 1975ರ ಫೆಬ್ರವರಿಯಲ್ಲಿ ಹೈಚೆಂಗ್ ಎಂಬಲ್ಲಿ, ಪದೇ ಪದೇ ಬರುತ್ತಿದ್ದ ಸಣ್ಣ ಕಂಪನಗಳನ್ನು ಕಂಡು ಜನರನ್ನು ಮನೆಗಳಿಂದ ಹೊರಡಿಸಿದ್ದರು. ದೊಡ್ಡ ಕಂಪನ ಬಂದೇಬಂದಿತು. ಅನೇಕರ ಪ್ರಾಣ ಉಳಿಯಿತು. ಮನುಷ್ಯನು ಭೂಕಂಪದ ಗುಟ್ಟನ್ನು ಅರಿತುಬಿಟ್ಟನೆಂದು ಲೋಕ ಹಿಗ್ಗಿತು. ಮರುವರ್ಷವೇ, 1976ರ ಜುಲೈ 28ರಂದು, ಅದೇ ದೇಶದ ತಾಂಗ್‌ಶಾನ್ ನಗರದಲ್ಲಿ ಯಾವ ಎಚ್ಚರಿಕೆಯೂ ಇಲ್ಲದೆ ನೆಲ ನಡುಗಿ ಎರಡು ಲಕ್ಷಕ್ಕೂ ಹೆಚ್ಚು ಜನ ಮಡಿದರು. ಕಿಲ್ಲಾರಿಯಲ್ಲಿಯೂ 1992ರ ಅಕ್ಟೋಬರಿನಲ್ಲಿ ಸಣ್ಣ ಕಂಪನಗಳಾಗಿದ್ದುವು. ಆದರೆ ಅವು ಮಹಾಕಂಪನದ ಮುನ್ನುಡಿಯೆಂದು ಹೇಳಲು ಯಾರಿಗೂ ಸಾಧ್ಯವಾಗಲಿಲ್ಲ. ಏಕೆಂದರೆ ಇಂತಹ ಕಂಪನಗಳಲ್ಲಿ ಬಹುಪಾಲು ತಾವಾಗಿಯೇ ಅಡಗಿಹೋಗುತ್ತವೆ. ಇಂತಹ ದಿನ, ಇಂತಹ ಹೊತ್ತಿಗೆ, ಇಂತಹ ಊರಿನಲ್ಲಿ ಭೂಕಂಪವಾಗುತ್ತದೆಂದು ಹೇಳಬಲ್ಲ ವಿಜ್ಞಾನಿ ಇಂದಿಗೂ ಇಲ್ಲ. ಜಪಾನಿನಂತಹ ದೇಶಗಳಲ್ಲಿ ಕಂಪನ ಆರಂಭವಾದ ಮೇಲೆ, ದೊಡ್ಡ ಅಲೆ ತಲಪುವ ಮುನ್ನ, ದೂರದ ಊರುಗಳಿಗೆ ಕೆಲವು ಸೆಕೆಂಡುಗಳ ಎಚ್ಚರಿಕೆ ಕೊಡುವ ವ್ಯವಸ್ಥೆಯುಂಟು. ಅದು ಭವಿಷ್ಯವಾಣಿಯಲ್ಲ, ಹೊರಟ ಅಲೆಯ ಮುಂದೆ ಓಡುವ ಸುದ್ದಿ ಮಾತ್ರ. ತಿಥಿ ತಿಳಿಸದೆ ಬರುವ ಈ ಅತಿಥಿಗೆ ಸದಾ ಸಿದ್ಧರಾಗಿರುವುದೊಂದೇ ದಾರಿ.

ಸಿದ್ಧತೆಯಲ್ಲಿ ಮೊದಲನೆಯದು ಮನೆ. ಕಿಲ್ಲಾರಿಯ ಮನೆಗಳು ಏಕೆ ಬಿದ್ದವೆಂಬುದನ್ನು ತಿಳಿದರೆ ಮನೆಯನ್ನು ಹೇಗೆ ಕಟ್ಟಬೇಕೆಂಬುದೂ ತಿಳಿಯುತ್ತದೆ. ಅಲ್ಲಿಯ ಗೋಡೆಗಳು ಎರಡು ಅಡಿಗೂ ಮಿಗಿಲಾಗಿ ದಪ್ಪವಾಗಿದ್ದುವು. ನೋಡಿದವರಿಗೆ ಅವು ಕೋಟೆಯಂತೆ ಕಾಣುತ್ತಿದ್ದವು. ಆದರೆ ಆ ಗೋಡೆ ಒಂದೇ ಗೋಡೆಯಾಗಿರಲಿಲ್ಲ. ಒಳಮುಖಕ್ಕೊಂದು ಸಾಲು, ಹೊರಮುಖಕ್ಕೊಂದು ಸಾಲು ಉರುಟು ಕಲ್ಲುಗಳನ್ನು ಕೆಸರುಮಣ್ಣಿನಲ್ಲಿ ಕೂರಿಸಿ, ನಡುವೆ ಚೂರುಕಲ್ಲು, ಮಣ್ಣು ತುಂಬಿದ್ದರು. ಎರಡು ಮುಖಗಳನ್ನೂ ಹಿಡಿದಿಡುವ ಉದ್ದ ಕಲ್ಲುಗಳಿರಲಿಲ್ಲ. ಮೂಲೆಗಳಲ್ಲಿ ಗೋಡೆಗಳಿಗೆ ಪರಸ್ಪರ ಬೆಸುಗೆಯಿರಲಿಲ್ಲ. ಮೇಲೆ ಮರದ ಹಲಗೆಗಳ ಮೇಲೆ ಅಡಿಗಟ್ಟಲೆ ಮಣ್ಣು ಹೇರಿದ ಮಾಳಿಗೆ. ಬೇಸಗೆಯಲ್ಲಿ ತಂಪಾಗಿರಲೆಂದು, ಮಳೆಗಾಲದಲ್ಲಿ ಸೋರದಿರಲೆಂದು ವರ್ಷವರ್ಷವೂ ಆ ಮಣ್ಣಿನ ಮೇಲೆ ಮತ್ತಷ್ಟು ಮಣ್ಣು ಬೀಳುತ್ತಿತ್ತು. ನೆಲ ಓಲಾಡಿದಾಗ ಗೋಡೆಯ ಎರಡು ಮುಖಗಳು ಬೇರೆಬೇರೆಯಾಗಿ ಬಿಚ್ಚಿಕೊಂಡವು. ಆಧಾರ ತಪ್ಪಿದ ಮಣ್ಣಿನ ಭಾರ ಕೆಳಗೆ ಮಲಗಿದವರ ಮೇಲೆ ಬಿದ್ದಿತು. ಉತ್ತರ ಕರ್ನಾಟಕದ ಮೇಲ್ಮುದ್ದೆಯ ಮನೆಗಳನ್ನು ಕಂಡವರಿಗೆ ಈ ವರ್ಣನೆ ಅಪರಿಚಿತವೆನಿಸದು.

ದಪ್ಪವೇ ಬಲವಲ್ಲ, ಒಗ್ಗಟ್ಟೇ ಬಲ ಎಂಬುದು ಇದರಿಂದ ದೊರೆಯುವ ಪಾಠ. ಜೋಳದ ದಂಟಿನ ಸಿವುಡನ್ನು ಹಗ್ಗವು ಬಿಗಿದಿಡುವಂತೆ ಮನೆಯ ನಾಲ್ಕು ಗೋಡೆಗಳನ್ನೂ ಬಿಗಿದಿಡುವ ಪಟ್ಟಿಗಳು ಬೇಕು. ತಳಪಾಯದ ಮೇಲೊಂದು, ಬಾಗಿಲು ಕಿಟಕಿಗಳ ತಲೆಯ ಮಟ್ಟದಲ್ಲೊಂದು, ಮಾಳಿಗೆಯ ಕೆಳಗೊಂದು ಹೀಗೆ ಕಬ್ಬಿಣದ ಸರಳು ಹಾಕಿದ ಕಾಂಕ್ರೀಟಿನ ಪಟ್ಟಿಗಳು ಮನೆಯ ಸುತ್ತ ಎಲ್ಲಿಯೂ ತುಂಡಾಗದೆ ಓಡಬೇಕು. ಕಲ್ಲುಗೋಡೆಯಲ್ಲಿ ಅಲ್ಲಲ್ಲಿ ಇಡೀ ದಪ್ಪಕ್ಕೂ ಹಾಯುವ ಉದ್ದ ಕಲ್ಲುಗಳನ್ನು ಇಡಬೇಕು. ಕಿಟಕಿ ಬಾಗಿಲುಗಳನ್ನು ಗೋಡೆಯ ಮೂಲೆಗೆ ತೀರ ಸಮೀಪವಾಗಿ ಇಡಬಾರದು. ಮಾಳಿಗೆ ಹಗುರವಾಗಿರಬೇಕು. ಪಟ್ಟಣಗಳಲ್ಲಿ ಬಹು ಅಂತಸ್ತಿನ ಮನೆ ಕಟ್ಟುವಾಗ ನೆಲಮಟ್ಟದಲ್ಲಿ ವಾಹನ ನಿಲ್ಲಿಸಲೆಂದು ಗೋಡೆಗಳೇ ಇಲ್ಲದೆ ಬರಿಯ ಕಂಬಗಳ ಮೇಲೆ ಮೇಲಿನ ಭಾರವನ್ನೆಲ್ಲ ನಿಲ್ಲಿಸುವುದು ಅಪಾಯಕರ. 2001ರ ಭೂಕಂಪದಲ್ಲಿ ಅಧಿಕೇಂದ್ರದಿಂದ ಇನ್ನೂರು ಕಿಲೋಮೀಟರಿಗೂ ದೂರದ ಅಹಮದಾಬಾದಿನಲ್ಲಿ ಕುಸಿದ ಕಟ್ಟಡಗಳಲ್ಲಿ ಇಂತಹವು ಅನೇಕವಿದ್ದುವು.

ಹಳೆಯ ಕಾಲದವರಿಗೆ ಈ ಜ್ಞಾನ ಇರಲಿಲ್ಲವೆಂದು ತಿಳಿಯಬಾರದು. ಕಚ್ಛದ ಜನ ಕಟ್ಟುವ ‘ಭೂಂಗಾ’ ಎಂಬ ದುಂಡುಮನೆಗೆ ಮೂಲೆಗಳೇ ಇಲ್ಲ. ಮೇಲೆ ಹಗುರವಾದ ಹುಲ್ಲಿನ ಚಾವಣಿ. 2001ರ ಕಂಪನವನ್ನು ಸುಸ್ಥಿತಿಯಲ್ಲಿದ್ದ ಭೂಂಗಾಗಳು ಚೆನ್ನಾಗಿ ತಡೆದವು. ಕಾಶ್ಮೀರದಲ್ಲಿ ಮರದ ಚೌಕಟ್ಟಿನ ಕಿರಿಯ ಕಿರಿಯ ಕೋಣಗಳಲ್ಲಿ ಇಟ್ಟಿಗೆ, ಕಲ್ಲು ತುಂಬಿ ಕಟ್ಟುವ ಗೋಡೆಗಳು ಕಂಪನವಾದಾಗ ಕಿರುಗುಟ್ಟುತ್ತ ಅಲುಗುತ್ತವೆಯೇ ಹೊರತು ಒಮ್ಮೆಗೇ ಕುಸಿಯವು. ಪದೇ ಪದೇ ಪೆಟ್ಟು ತಿಂದ ನಾಡಿನವರು ಅನುಭವದಿಂದ ಕಲಿತ ವಿದ್ಯೆ ಇದು.

ಮನೆಯನ್ನು ಹೊಸದಾಗಿ ಕಟ್ಟುವುದು ವಿದ್ಯಾರ್ಥಿಗಳ ಕೈಯಲ್ಲಿಲ್ಲ. ಆದರೆ ಇರುವ ಮನೆಯಲ್ಲಿ ಅವರು ಮಾಡಬಹುದಾದ ಕೆಲಸ ಬಹಳವಿದೆ. ಒಂದು ಸಂಜೆ ಮನೆಯವರೆಲ್ಲ ಕೂಡಿ ಪ್ರತಿಯೊಂದು ಕೋಣೆಯಲ್ಲಿಯೂ ನಿಂತು, ‘ಈಗ ನೆಲ ಅಲುಗಿದರೆ ಇಲ್ಲಿ ಏನು ಬೀಳುತ್ತದೆ? ಯಾರ ಮೇಲೆ ಬೀಳುತ್ತದೆ?’ ಎಂದು ಕೇಳಿಕೊಂಡರೆ ಸಾಕು, ಅರ್ಧ ಕೆಲಸವಾದಂತೆ. ಅಟ್ಟದ ಮೇಲಿನ ಟ್ರಂಕು, ಹಂಡೆ, ಕೊಪ್ಪರಿಗೆಗಳನ್ನು ಕೆಳಗಿಳಿಸಬೇಕು. ಎತ್ತರದ ಬೀರುವನ್ನು ಗೋಡೆಗೆ ಬಿಗಿಯಬೇಕು. ಮಲಗುವ ಜಾಗದ ತಲೆಯ ಮೇಲೆ ಗಾಜಿನ ದೊಡ್ಡ ಪಟಗಳು ತೂಗಾಡಬಾರದು. ಬಾಗಿಲಿಗೆ ಹೋಗುವ ದಾರಿಯಲ್ಲಿ ಮೂಟೆ, ಸೈಕಲ್ಲುಗಳನ್ನು ಅಡ್ಡಲಾಗಿ ಇಡಬಾರದು. ಅಡುಗೆ ಅನಿಲದ ಸಿಲಿಂಡರು ಉರುಳದಂತೆ ನಿಲ್ಲಿಸಿ, ಅದನ್ನು ಮುಚ್ಚುವ ಕ್ರಮವನ್ನೂ ವಿದ್ಯುತ್ತಿನ ಮುಖ್ಯ ಸ್ವಿಚ್ಚನ್ನು ಆರಿಸುವ ಕ್ರಮವನ್ನೂ ಮನೆಯ ದೊಡ್ಡ ಮಕ್ಕಳೆಲ್ಲ ಅರಿತಿರಬೇಕು. ಕುಡಿಯುವ ನೀರು, ಕೆಡದ ತಿಂಡಿ, ಟಾರ್ಚು, ಸೀಟಿ, ಗಾಯಕ್ಕೆ ಕಟ್ಟುವ ಬಟ್ಟೆ, ಹಿರಿಯರು ನಿತ್ಯ ಸೇವಿಸುವ ಔಷಧ, ಮುಖ್ಯ ಕಾಗದಪತ್ರಗಳ ಪ್ರತಿಗಳು ಇವಿಷ್ಟನ್ನು ಒಂದು ಚೀಲದಲ್ಲಿ ಹಾಕಿ ಬಾಗಿಲ ಹತ್ತಿರ ಇಟ್ಟಿರಬೇಕು. ಎಲ್ಲರೂ ಚದರಿಹೋದರೆ ಎಲ್ಲಿ ಕೂಡಬೇಕೆಂಬುದನ್ನು, ಅದು ಊರ ಬಯಲಾಗಲಿ ಶಾಲೆಯ ಮೈದಾನವಾಗಲಿ, ಮೊದಲೇ ಗೊತ್ತುಮಾಡಿಕೊಂಡಿರಬೇಕು.

ಇನ್ನು ನೆಲ ನಡುಗತೊಡಗಿದ ಆ ಕ್ಷಣ. ಬಹುಪಾಲು ಭೂಕಂಪಗಳಲ್ಲಿ ಬಲವಾದ ನಡುಕ ಇರುವುದು ಒಂದು ನಿಮಿಷಕ್ಕಿಂತ ಕಡಿಮೆ. ಯೋಚಿಸಿ ತೀರ್ಮಾನಿಸಲು ಅಲ್ಲಿ ಸಮಯವಿಲ್ಲ. ಮೊದಲೇ ಮೈಗೂಡಿದ ಅಭ್ಯಾಸ ಮಾತ್ರ ಕೆಲಸಕ್ಕೆ ಬರುತ್ತದೆ. ಅಂತಹ ಅಭ್ಯಾಸವನ್ನು ಮೂರು ಮಾತುಗಳಲ್ಲಿ ಹೇಳಬಹುದು: ಕೆಳಗೆ ಕುಳಿತುಕೊಳ್ಳುವುದು, ತಲೆಯನ್ನು ಮರೆಮಾಡುವುದು, ಆಸರೆಯನ್ನು ಬಿಗಿಹಿಡಿಯುವುದು. ನಿಂತವನನ್ನು ನಡುಕವೇ ಎತ್ತಿಹಾಕುತ್ತದೆ. ಆದುದರಿಂದ ತಾನಾಗಿಯೇ ಕೈ ಮೊಣಕಾಲುಗಳ ಮೇಲೆ ಕುಳಿತುಬಿಡುವುದು ಲೇಸು. ಹತ್ತಿರದಲ್ಲಿ ಗಟ್ಟಿಯಾದ ಮೇಜು, ಮಂಚ, ಬೆಂಚುಗಳಿದ್ದರೆ ಅದರಡಿಗೆ ಸರಿದು ತಲೆ, ಕುತ್ತಿಗೆಗಳನ್ನು ಒಂದು ಕೈಯಿಂದ ಮುಚ್ಚಿಕೊಂಡು ಇನ್ನೊಂದು ಕೈಯಿಂದ ಅದರ ಕಾಲನ್ನು ಹಿಡಿದಿರಬೇಕು. ಮೇಜು ಸರಿದರೆ ಅದರೊಡನೆ ತಾನೂ ಸರಿಯಬೇಕು. ಯಾವುದೂ ಇಲ್ಲದಿದ್ದರೆ ಗಾಜು, ಬೀರುಗಳಿಂದ ದೂರವಾಗಿ ಒಳಗೋಡೆಯ ಬಳಿ ಮುದುಡಿ ಕುಳಿತು ಎರಡು ಕೈಗಳಿಂದಲೂ ತಲೆಯನ್ನು ಮುಚ್ಚಿಕೊಳ್ಳಬೇಕು. ಹಾಸಿಗೆಯಲ್ಲಿರುವವನು ಅಲ್ಲಿಯೇ ಬೋರಲಾಗಿ ತಲೆದಿಂಬನ್ನು ತಲೆಯ ಮೇಲೆ ಒತ್ತಿಕೊಳ್ಳಬಹುದು. ಒಲೆ ಉರಿಯುತ್ತಿದ್ದು ಕೈಗೆಟಕುವಂತಿದ್ದರೆ ಒಡನೆಯೇ ಆರಿಸಬೇಕು. ಮೆಟ್ಟಿಲಿಗೆ ಧಾವಿಸುವುದು, ಲಿಫ್ಟನ್ನು ಹತ್ತುವುದು, ಮಹಡಿಯಿಂದ ಧುಮುಕುವುದು ಈ ಮೂರೂ ಪ್ರಾಣಘಾತಕ. ಬಾಗಿಲ ಚೌಕಟ್ಟಿನಡಿಯಲ್ಲಿ ನಿಲ್ಲಬೇಕೆಂಬ ಹಳೆಯ ಉಪದೇಶವನ್ನೂ ಈಗ ತಜ್ಞರು ಒಪ್ಪುವುದಿಲ್ಲ. ಚೌಕಟ್ಟಿಗಿಂತ ಗಟ್ಟಿ ಮೇಜಿನ ಆಸರೆ ಮೇಲು.

ಈ ನಿಯಮಕ್ಕೆ ಒಂದು ಅಪವಾದವುಂಟು. ಕಿಲ್ಲಾರಿಯ ಮನೆಗಳಂತೆ ಭಾರವಾದ ಮಣ್ಣಿನ ಮಾಳಿಗೆಯೂ ದುರ್ಬಲವಾದ ಕಲ್ಲು ಅಥವಾ ಮಣ್ಣಿನ ಗೋಡೆಯೂ ಇರುವ ಮನೆಯಲ್ಲಿ ಮೇಜು ಕಾಪಾಡಲಾರದು. ಅಂತಹ ಮನೆಯಲ್ಲಿ ಬಾಗಿಲ ಬಳಿಯೇ ಇದ್ದು, ಕೆಲವೇ ಹೆಜ್ಜೆಗಳಲ್ಲಿ ಬಯಲನ್ನು ಸೇರಬಹುದಾಗಿದ್ದರೆ, ತಲೆಗೆ ಕೈಮರೆ ಮಾಡಿಕೊಂಡು ತಡಮಾಡದೆ ಹೊರಬೀಳುವುದೇ ಸರಿ. ತನ್ನ ಮನೆ ಯಾವ ಬಗೆಯದೆಂಬುದನ್ನು ಪ್ರತಿಯೊಬ್ಬನೂ ಇಂದೇ ತಿಳಿದಿರಬೇಕು. ನಡುಕ ಬಂದಾಗ ಪರೀಕ್ಷಿಸುತ್ತ ಕೂರುವಂತಿಲ್ಲ.

ಹೊರಗಿರುವವರಿಗೂ ಅಪಾಯವಿಲ್ಲದಿಲ್ಲ. 2001ರ ಜನವರಿ 26ರ ಬೆಳಗ್ಗೆ ಕಚ್ಛದ ಅಂಜಾರ್ ಪಟ್ಟಣದಲ್ಲಿ ಶಾಲೆಯ ಮಕ್ಕಳು ಗಣರಾಜ್ಯೋತ್ಸವದ ಮೆರವಣಿಗೆ ಹೊರಟಿದ್ದರು. 8 ಗಂಟೆ 46 ನಿಮಿಷಕ್ಕೆ ನೆಲ ನಡುಗಿದಾಗ ಅವರು ಇಕ್ಕಟ್ಟಾದ ಬೀದಿಯೊಂದರಲ್ಲಿದ್ದರು. ಎರಡೂ ಕಡೆಯ ಕಟ್ಟಡಗಳು ಅವರ ಮೇಲೆ ಕುಸಿದವು. ನೂರೆಂಬತ್ತಕ್ಕೂ ಹೆಚ್ಚು ಮಕ್ಕಳು ತಮ್ಮ ಉಪಾಧ್ಯಾಯರೊಂದಿಗೆ ಅಲ್ಲಿಯೇ ಅಸುನೀಗಿದರು. ಅದೇ ಮಕ್ಕಳು ಬಯಲಿನಲ್ಲಿ ಸಾಲುಗಟ್ಟಿ ನಿಂತಿದ್ದರೆ ಅವರ ಮೇಲೆ ಬೀಳಲು ಏನೂ ಇರುತ್ತಿರಲಿಲ್ಲ. ಹೊರಗಿರುವವರು ಗೋಡೆ, ವಿದ್ಯುತ್ ಕಂಬ, ತಂತಿ, ದೊಡ್ಡ ಮರಗಳಿಂದ ದೂರ ಸರಿದು ತೆರೆದ ಸ್ಥಳದಲ್ಲಿ ಕುಳಿತುಬಿಡಬೇಕು. ವಾಹನ ನಡೆಸುವವರು ಸೇತುವೆ, ಕಟ್ಟಡಗಳ ಬಳಿ ನಿಲ್ಲಿಸದೆ ರಸ್ತೆಯ ಬದಿಯ ಬಯಲಿನಲ್ಲಿ ನಿಲ್ಲಿಸಿ ಒಳಗೇ ಇರಬೇಕು. ಬೆಟ್ಟದ ಬುಡದಲ್ಲಿರುವವರು ಉರುಳುವ ಬಂಡೆಗಳ ಕಡೆ ಕಣ್ಣಿಟ್ಟಿರಬೇಕು. ಕಡಲತೀರದಲ್ಲಿರುವವರು ದೀರ್ಘಕಾಲದ ನಡುಕ ಕಂಡರೆ ಅಥವಾ ಕಡಲು ಇದ್ದಕ್ಕಿದ್ದಂತೆ ಹಿಂದೆ ಸರಿದರೆ, ಯಾರ ಅಪ್ಪಣೆಗೂ ಕಾಯದೆ ಎತ್ತರದ ನೆಲಕ್ಕೆ ಹೋಗಬೇಕು.

ತರಗತಿಯಲ್ಲಿರುವಾಗ ಕಂಪನವಾದರೆ ಪ್ರತಿಯೊಬ್ಬನೂ ಬೆಂಚಿನಡಿಯಲ್ಲಿ ತಲೆ ಮರೆಸಿ, ನಡುಕ ನಿಂತ ಬಳಿಕ ಪುಸ್ತಕದ ಚೀಲವನ್ನು ತಲೆಯ ಮೇಲಿಟ್ಟುಕೊಂಡು ಸಾಲಾಗಿ ಮೈದಾನಕ್ಕೆ ಬರಬೇಕು. ಒಬ್ಬರನ್ನೊಬ್ಬರು ತಳ್ಳಬಾರದು, ಓಡಬಾರದು, ಬಿಟ್ಟ ವಸ್ತುವಿಗಾಗಿ ಹಿಂದಿರುಗಬಾರದು. ಕಿರಿದಾದ ಬಾಗಿಲಲ್ಲಿ ನೂಕುನುಗ್ಗಲಾದರೆ ಭೂಕಂಪದಿಂದ ಬದುಕಿದವರೂ ಕಾಲ್ತುಳಿತಕ್ಕೆ ಬಲಿಯಾಗುತ್ತಾರೆ. ಇದನ್ನು ಪಾಠವಾಗಿ ಓದಿದರೆ ಸಾಲದು. ವರ್ಷಕ್ಕೆ ಕೆಲವು ಬಾರಿಯಾದರೂ ಮಾಡಿ ನೋಡಬೇಕು.

ನಡುಕ ನಿಂತಿತೆಂದರೆ ಅಪಾಯ ಮುಗಿಯಿತೆಂದಲ್ಲ. ದೊಡ್ಡ ಕಂಪನದ ಬೆನ್ನಿಗೆ ಮರುಕಂಪನಗಳು ಗಂಟೆಗಟ್ಟಲೆ, ದಿನಗಟ್ಟಲೆ, ಒಮ್ಮೊಮ್ಮೆ ತಿಂಗಳುಗಟ್ಟಲೆ ಬರುತ್ತಿರುತ್ತವೆ. 2015ರ ಏಪ್ರಿಲ್ 25ರಂದು ನೇಪಾಳದಲ್ಲಿ 7.8 ಪ್ರಮಾಣದ ಭೂಕಂಪವಾಗಿ ಸಾವಿರಾರು ಜನ ಸತ್ತರು. ಹದಿನೇಳು ದಿನಗಳ ಮೇಲೆ, ಮೇ 12ರಂದು, 7.3 ಪ್ರಮಾಣದ ಮರುಕಂಪನ ಬಂದು ಮತ್ತೆ ಇನ್ನೂರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಮೊದಲ ಪೆಟ್ಟಿಗೆ ಬಿರುಕು ಬಿಟ್ಟ ಗೋಡೆಯನ್ನು ಬೀಳಿಸಲು ಎರಡನೆಯ ಸಣ್ಣ ಪೆಟ್ಟು ಸಾಕು. ಆದುದರಿಂದ ಒಡವೆಗಾಗಲಿ, ಕಾಗದಪತ್ರಕ್ಕಾಗಲಿ, ಜಜ್ಜಿದ ಮನೆಯೊಳಗೆ ನುಗ್ಗಬಾರದು. ತಿಳಿದವರು ಪರೀಕ್ಷಿಸಿ ಹೇಳುವವರೆಗೆ ಹೊರಗಿರುವುದೇ ಕ್ಷೇಮ.

ಎರಡನೆಯ ಶತ್ರು ಬೆಂಕಿ. 1923ರ ಸೆಪ್ಟೆಂಬರ್ 1ರಂದು ಜಪಾನಿನ ಟೋಕಿಯೊ, ಯೋಕೋಹಾಮ ನಗರಗಳಲ್ಲಿ ಮಧ್ಯಾಹ್ನದ ಅಡುಗೆಯ ಹೊತ್ತಿಗೆ ಸರಿಯಾಗಿ ಭೂಕಂಪವಾಯಿತು. ಉರಿಯುತ್ತಿದ್ದ ಒಲೆಗಳಿಂದ ಬೆಂಕಿಯೆದ್ದು ಮರದ ಮನೆಗಳಿಗೆ ಹಬ್ಬಿತು. ಅಂದು ಸತ್ತ ಲಕ್ಷಕ್ಕೂ ಹೆಚ್ಚು ಜನರಲ್ಲಿ ಬಹುಪಾಲು ಬೆಂಕಿಗೆ ಆಹುತಿಯಾದವರು. ಹೀಗಾಗಿ ನಡುಕ ನಿಂತ ಕೂಡಲೇ ಅನಿಲವನ್ನೂ ವಿದ್ಯುತ್ತನ್ನೂ ನಿಲ್ಲಿಸಬೇಕು. ಅನಿಲದ ವಾಸನೆ ಬಂದರೆ ಕಡ್ಡಿ ಗೀರುವುದಿರಲಿ, ವಿದ್ಯುತ್ ಸ್ವಿಚ್ಚನ್ನೂ ಮುಟ್ಟದೆ ಬಾಗಿಲು ತೆರೆದು ಹೊರಗೆ ಬರಬೇಕು. ಹರಿದುಬಿದ್ದ ತಂತಿಯ ಬಳಿ ಯಾರೂ ಸುಳಿಯಬಾರದು.

ಅವಶೇಷಗಳಡಿಯಲ್ಲಿ ಸಿಕ್ಕಿಕೊಂಡವನು ಧೈರ್ಯಗೆಡಬಾರದು. ಬಾಯಿ ಮೂಗುಗಳಿಗೆ ಬಟ್ಟೆ ಹಿಡಿದು ಧೂಳನ್ನು ತಡೆಯಬೇಕು; ಬೆಂಕಿಕಡ್ಡಿ ಗೀರಬಾರದು. ಸದಾ ಕೂಗಿ ಬಲವನ್ನು ಕಳೆದುಕೊಳ್ಳದೆ ಹತ್ತಿರದ ಕೊಳವೆಯನ್ನೋ ಗೋಡೆಯನ್ನೋ ಕಲ್ಲಿನಿಂದ ಕುಟ್ಟುತ್ತಿರಬೇಕು, ಸೀಟಿಯಿದ್ದರೆ ಊದಬೇಕು. ಹೊರಗಿನವರೂ ನಡುನಡುವೆ ಗದ್ದಲ ನಿಲ್ಲಿಸಿ ಕಿವಿಗೊಡಬೇಕು. ರಕ್ಷಣಾಪಡೆಗಳು ದೂರದಿಂದ ಬರಲು ಹೊತ್ತು ಹಿಡಿಯುತ್ತದೆ. ಎಲ್ಲ ದೇಶಗಳ ಅನುಭವವೂ ಹೇಳುವುದೇನೆಂದರೆ, ಜೀವಸಹಿತ ಹೊರಬಂದವರಲ್ಲಿ ಹೆಚ್ಚಿನವರನ್ನು ಹೊರತೆಗೆದವರು ಅಕ್ಕಪಕ್ಕದ ಮನೆಯವರೇ. ಯಾರ ಮನೆಯಲ್ಲಿ ಎಷ್ಟು ಜನ, ಅವರು ಯಾವ ಕೋಣೆಯಲ್ಲಿ ಮಲಗುತ್ತಾರೆ ಎಂಬುದು ನೆರೆಯವರಿಗಲ್ಲದೆ ಇನ್ನಾರಿಗೆ ತಿಳಿದೀತು? ಹಾಗೆಂದು ಅಲುಗುವ ಗೋಡೆಯ ಕೆಳಗೆ ಹುಡುಗರು ಒಬ್ಬೊಬ್ಬರೇ ನುಗ್ಗಬಾರದು. ಹಿರಿಯರನ್ನು ಕರೆದು ಸ್ಥಳ ತೋರಿಸಬೇಕು. ಬೆನ್ನು, ಕುತ್ತಿಗೆಗಳಿಗೆ ಪೆಟ್ಟಾದವರನ್ನು ಮತ್ತೊಂದು ಅಪಾಯವಿಲ್ಲದ ಹೊರತು ಎಳೆದಾಡಬಾರದು. ರಕ್ತ ಸೋರುವ ಗಾಯವನ್ನು ಶುಭ್ರವಾದ ಬಟ್ಟೆಯಿಂದ ಒತ್ತಿ ಕಟ್ಟಬೇಕು. ತುರ್ತು ಸಹಾಯಕ್ಕೆ 112 ಸಂಖ್ಯೆಗೆ ಕರೆಮಾಡಿ, ಸ್ಥಳವನ್ನು ಚುಟುಕಾಗಿ ತಿಳಿಸಿ, ಮಾರ್ಗವನ್ನು ಉಳಿದವರಿಗೆ ಬಿಟ್ಟುಕೊಡಬೇಕು.

ಇಂತಹ ಸಮಯದಲ್ಲಿ ಗಾಳಿಸುದ್ದಿಗಳು ಮರುಕಂಪನಗಳಿಗಿಂತ ವೇಗವಾಗಿ ಹರಡುತ್ತವೆ. ‘ಈ ರಾತ್ರಿ ಇಷ್ಟು ಗಂಟೆಗೆ ಮತ್ತೆ ಭೂಕಂಪ’ ಎಂದು ಯಾರಾದರೂ ಹೇಳಿದರೆ, ಅದನ್ನು ಹೇಳಲು ಯಾವ ವಿಜ್ಞಾನಿಗೂ ಬಾರದೆಂಬುದನ್ನು ನೆನೆಯಬೇಕು. ಆಕಾಶವಾಣಿ, ಜಿಲ್ಲಾಡಳಿತಗಳ ಪ್ರಕಟಣೆಯನ್ನು ಮಾತ್ರ ನಂಬಬೇಕು. ನೀರನ್ನು ಕುದಿಸಿ ಕುಡಿಯಬೇಕು. ದೊಡ್ಡವರ ಓಡಾಟದ ನಡುವೆ ಮುದುಕರನ್ನೂ ಎಳೆಯರನ್ನೂ ಕಟ್ಟಿದ ದನಕರುಗಳನ್ನೂ ಮರೆಯಬಾರದು.

ಕಿಲ್ಲಾರಿಯ ಜನ ಮತ್ತೆ ಮನೆ ಕಟ್ಟಿಕೊಂಡರು. ಹಳೆಯ ಊರು ಹಾಳುಬಿದ್ದಿತು. ಹೊಸ ಊರು ಬೇರೆಡೆಯಲ್ಲಿ ಎದ್ದಿತು. ಹೊಸ ಮನೆಗಳ ಗೋಡೆಗಳಲ್ಲಿ ಕಾಂಕ್ರೀಟಿನ ಪಟ್ಟಿಗಳು ಬಂದವು. ಉಳಿದ ಎಷ್ಟೋ ಹಳ್ಳಿಗಳ ಹಳೆಯ ಗೋಡೆಗಳಿಗೆ ಉದ್ದ ಕಲ್ಲುಗಳನ್ನು ಕೂರಿಸುವುದನ್ನು, ಮಾಳಿಗೆಯ ಮಣ್ಣನ್ನು ಹಗುರಮಾಡುವುದನ್ನು ಕೆಲಸಗಾರರಿಗೆ ಕಲಿಸಲಾಯಿತು. ಜಪಾನಿನವರು 1923ರ ದುರಂತದ ನೆನಪಿಗಾಗಿ ಪ್ರತಿವರ್ಷ ಸೆಪ್ಟೆಂಬರ್ 1ರಂದು ಅಣಕು ಅಭ್ಯಾಸ ನಡೆಸುತ್ತಾರೆ. ಅಂದು ಶಾಲೆಯ ಎಳೆಯ ಮಕ್ಕಳೂ ಮೇಜಿನಡಿಗೆ ಸರಿಯುತ್ತಾರೆ. ಸತ್ತವರನ್ನು ನೆನೆಯಲು ಇದಕ್ಕಿಂತ ಸಾರ್ಥಕವಾದ ಬಗೆ ಇನ್ನೊಂದಿಲ್ಲ.

ಭೂಮಿಯು ಮುನಿಯುವುದೂ ಇಲ್ಲ, ಒಲಿಯುವುದೂ ಇಲ್ಲ. ತನ್ನ ನಿಯಮದಂತೆ ತಾನು ಸರಿಯುತ್ತಿರುತ್ತದೆ. ಆ ನಿಯಮವನ್ನು ಬದಲಿಸುವ ಶಕ್ತಿ ಮನುಷ್ಯನಿಗಿಲ್ಲ. ಆದರೆ ಗೋಡೆಯನ್ನು ಬಿಗಿಯುವ, ಅಟ್ಟದ ಭಾರವನ್ನು ಇಳಿಸುವ, ತಲೆಯ ಮರೆಯನ್ನು ಗುರುತಿಸಿಟ್ಟುಕೊಳ್ಳುವ ಶಕ್ತಿ ಅವನಿಗಿದೆ. ಅದನ್ನು ಬಳಸಲು ಇರುವ ಕಾಲ ನೆಲ ನಡುಗುವ ಹೊತ್ತಲ್ಲ; ಅದು ನಿಶ್ಚಲವಾಗಿರುವ ಈ ಹೊತ್ತು.